ಗಿಣ್ಣದ ಫ್ಲಾಸ್ಕು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುತ್ತಾರೆ ಮನೆಯವರು. ಗಾಜಿನ ಪಾತ್ರೆಗಳ ಮಟ್ಟಿಗಾದರೂ ಅದು ನಿಜ. ಹುಬ್ಬಳ್ಳಿಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವಾಗ, ಸರಿಯಾಗಿ ತೊಳೆಯದ ಒಂದು ಫ್ಲಾಸ್ಕು ಕಣ್ಣಿಗೆ ಬಿದ್ದರೆ ಸಾಕು, ಪ್ರಾಕ್ಟಿಕಲ್ ನಿಲ್ಲಿಸಿ ಇಡೀ ತರಗತಿಯನ್ನು ಬೈಯುತ್ತಿದ್ದೆ. "ಇವರ ಮನ್ಯಾಗ ಭಾಂಡೆ ತಿಕ್ಕಾಕಿ ಪಾಪ, ಹೆಂಗ ಇರ್ತಾಳೋ ಏನೋ" ಎಂದು ಹುಡುಗಿಯರು ನನ್ನ ಬೆನ್ನ ಹಿಂದೆ ಆಡಿಕೊಳ್ಳುವುದು ನನಗೂ ಕೇಳಿಸುತ್ತಿತ್ತು. ಅವರಿಗೆ ಗೊತ್ತಿಲ್ಲದ್ದು ಒಂದೇ. ಒಂದು ಕಾಲಕ್ಕೆ ನಾನೇ ಒಂದು ಫ್ಲಾಸ್ಕನ್ನು ತಿಂಗಳುಗಟ್ಟಲೆ, ಬೇಕೆಂದೇ, ತೊಳೆಯದೆ ಇಟ್ಟಿದ್ದೆ. ಅದರಿಂದ ನನ್ನ ಗುರುಗಳು ಜೀವಮಾನವೆಲ್ಲ ಕಾದಿದ್ದ ಒಂದೇ ಒಂದು ಸಂಗತಿ ಅವರ ಕೈ ತಪ್ಪಿಹೋಯಿತು.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾವು ಹುಬ್ಬಳ್ಳಿಯ ಬೆಂಗೇರಿಯಲ್ಲಿದ್ದೆವು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿ, ಅಲ್ಲಿಯ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಕೆಲಸ ಮಾಡುತ್ತಿದ್ದೆ. ಪ್ರಯೋಗಾಲಯ ಎಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಫ್ರಿಜ್ಜು, ಕರೆಂಟು ಹೋದಾಗಲೆಲ್ಲ ತಣ್ಣಗಾಗುವ ಇನ್‌ಕ್ಯುಬೇಟರು, ಎಷ್ಟಿದ್ದರೂ ಸಾಲದ ಗಾಜಿನ ಸಾಮಾನು. ನನಗೆ ಮಾರ್ಗದರ್ಶನ ಮಾಡುತ್ತಿದ್ದ ಸರ್ ಧಾರವಾಡದ ಹಳೆಯ ಮನೆತನದವರು. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಅಂದುಕೊಂಡದ್ದು ಬೆಳೆದಿದ್ದರೆ ಏನೋ ಒಂದು ರಾಗ ಗುನುಗುತ್ತಿದ್ದರು. ಬೆಳೆಯದಿದ್ದರೆ ಕೋಣೆಯಲ್ಲಿ ಸದ್ದೇ ಇರುತ್ತಿರಲಿಲ್ಲ. ಅವರ ಕೈಯಲ್ಲಿ ಎಷ್ಟೋ ಜನ ಡಾಕ್ಟರೇಟ್ ಪಡೆದು ದೊಡ್ಡವರಾಗಿದ್ದರು. ತಮ್ಮದು ಎಂದು ಹೇಳಿಕೊಳ್ಳುವಂಥದ್ದು ಮಾತ್ರ ಅವರಿಗೆ ಏನೂ ದಕ್ಕಿರಲಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

"ಒಂದರ ನಮ್ಮದು ಅನ್ನೂವಂಥಾದ್ದು ಇರಬೇಕವಾ," ಎಂದು ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದರು. "ಸಣ್ಣದಿದ್ರೂ ನಡೀತದ. ಖರೇ ಇರಬೇಕು ಅಷ್ಟ."

ನನಗೆ ಕೊಟ್ಟ ವಿಷಯ, ಹಾಲಿನಲ್ಲಿರುವ ಪೆಪ್ಟೈಡುಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ರೀತಿ. ಪೆಪ್ಟೈಡ್ ಎಂದರೆ ಪ್ರೋಟೀನಿನ ಚಿಕ್ಕ ತುಣುಕು. ನಮ್ಮ ಕಣ್ಣೀರು, ಕಪ್ಪೆಯ ಚರ್ಮ, ಎಮ್ಮೆಯ ಹಾಲು, ಎಲ್ಲ ಕಡೆಯೂ ಇಂಥ ತುಣುಕುಗಳು ಕಾವಲಿಗೆ ಇರುತ್ತವೆ. ಇವುಗಳ ಮೇಲೆ ಧನ ವಿದ್ಯುದಂಶ ಇರುತ್ತದೆ, ಬ್ಯಾಕ್ಟೀರಿಯಾದ ಹೊರಮೈ ಮೇಲೆ ಋಣ. ಹೀಗಾಗಿ ಪೆಪ್ಟೈಡ್ ಓಡಿಹೋಗಿ ಅದರ ಮೈಗೆ ಅಂಟಿಕೊಂಡು ತೂತು ಕೊರೆಯುತ್ತದೆ, ಒಳಗಿನದೆಲ್ಲ ಸೋರಿ ಅದು ಸಾಯುತ್ತದೆ. ಅಂಟಿಕೊಳ್ಳುವ ಈ ಸ್ವಭಾವವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಆಗ ನೆನಪಿಟ್ಟುಕೊಳ್ಳಲಿಲ್ಲ.

ಪೆಪ್ಟೈಡ್ ತೆಗೆಯಲು ಗಿಣ್ಣದ ಹಾಲು ಬೇಕಾಗಿತ್ತು. ಎಮ್ಮೆ ಈದ ಮೊದಲ ದಿನದ ಆ ಗಟ್ಟಿ ಹಳದಿ ಹಾಲಿನಲ್ಲಿ ಕಾವಲಿನ ಸಾಮಾನು ಹೇರಳ. ಧಾರವಾಡದಲ್ಲಿ ಎಮ್ಮೆ ಸಾಕಿದ ಗೌಳಿಗರ ಮನೆಗಳಿಗೇನೂ ಬರವಿರಲಿಲ್ಲ. ಆದರೆ ಮೊದಲ ದಿನದ ಗಿಣ್ಣವನ್ನು ಕಾಲೇಜಿನವರಿಗೆ ಕೊಡಲು ಒಬ್ಬರೂ ಒಪ್ಪಲಿಲ್ಲ. ಕಡೆಗೆ ವಯಸ್ಸಾದ ಒಬ್ಬ ಗೌಳಿ ಹೆಂಗಸು ಸಿಕ್ಕಳು. ನಾನು ಮಾವಶಿ ಎಂದು ಕರೆಯುತ್ತಿದ್ದೆ. ನಾಲ್ಕು ಸಲ ಅಲೆದಾಡಿದ ಮೇಲೆ, ಕಾರಹುಣ್ಣಿಮೆಯ ಸುಮಾರಿಗೆ ಅವಳ ಎಮ್ಮೆ ಈದಾಗ ಒಂದು ಹಿತ್ತಾಳೆ ಚರಗಿಯ ತುಂಬ ಗಿಣ್ಣ ಕೊಟ್ಟಳು. ಕೊಡುವ ಮುಂಚೆ ಮಾತು ತೆಗೆದುಕೊಂಡಳು.

"ನೋಡ ತಂಗಿ, ಚರಗಿ ತೊಳದು ಕೊಡಬ್ಯಾಡ. ಬರಿದೂ ಕೊಡಬ್ಯಾಡ. ಸಕ್ಕರಿನೋ ಬೆಲ್ಲಾನೋ ಹಾಕಿ ಕೊಡು."

"ಅದು ಗೊತ್ತೈತಿ ಮಾವಶಿ, ನಮ್ಮವ್ವನೂ ಹಂಗ ಮಾಡ್ತಾಳ."

"ಇನ್ನೂ ಕೇಳು. ನೀ ಯಾವುದರಾಗ ಸುರುವಿಕೋತಿ ನೋಡು, ಅದನ್ನೂ ಕರಾ ಹಾಲು ಬಿಡೂತನಾ ಸಾಬಾಣ ಹಚ್ಚಿ, ಔಷಧ ಹಚ್ಚಿ ತಿಕ್ಕಬ್ಯಾಡ. ಬರೇ ನೀರಾಗ ಗಲಬರಿಸು. ಹಿಂದಕ ಒಬ್ಬ ಕಾಲೇಜಿನಾಂವ ಒಯ್ದು ಏನೇನೋ ಹಾಕಿ ತೊಳದಾ. ನನ್ನ ಎಮ್ಮಿ ಕೆಚ್ಚಲಾ ಬತ್ತಿಹೋತು."

ನಾನು ವಿಜ್ಞಾನದ ವಿದ್ಯಾರ್ಥಿನಿ. ಕೆಚ್ಚಲಿಗೂ ಫ್ಲಾಸ್ಕಿಗೂ ಎತ್ತಣಿಂದೆತ್ತ ಸಂಬಂಧ ಎಂದು ಒಳಗೊಳಗೇ ನಕ್ಕೆ. ಆದರೆ ಅವಳು ನನ್ನ ಕೈಯನ್ನು ಎಮ್ಮೆಯ ಬೆನ್ನ ಮೇಲೆ ಇಡಿಸಿ ಹೂಂ ಅನ್ನಿಸಿಕೊಂಡಳು. ಅವಳ ಹೊಟ್ಟೆ ಹೊರೆಯುತ್ತಿದ್ದುದು ಆ ಎಮ್ಮೆಯೇ. ನಂಬಿಕೆ ನನ್ನದಲ್ಲದಿದ್ದರೂ ಮಾತು ನನ್ನದು. ಚರಗಿಯನ್ನು ಸಕ್ಕರೆ ಹಾಕಿ ಹಾಗೆಯೇ ಹಿಂದಿರುಗಿಸಿದೆ. ಗಿಣ್ಣ ಸುರುವಿಕೊಂಡ ಫ್ಲಾಸ್ಕಿನ ಕುತ್ತಿಗೆಗೆ ನನ್ನ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದು, ಸಾಮಾನು ತೊಳೆಯುವ ಅಟೆಂಡರ್ ಕಾಕಾನಿಗೆ, "ಇದಕ್ಕ ಆ್ಯಸಿಡ್ ಹಚ್ಚಬ್ಯಾಡ್ರಿ, ಇದು ನಂದು" ಎಂದು ತಾಕೀತು ಮಾಡಿದೆ. ನಮ್ಮಲ್ಲಿ ಉಳಿದ ಗಾಜಿನ ಸಾಮಾನೆಲ್ಲ ಆ್ಯಸಿಡ್ಡಿನಲ್ಲಿ ನೆನೆದೇ ಶುದ್ಧವಾಗುತ್ತಿತ್ತು. ಇದೊಂದನ್ನು ಮಾತ್ರ ನೀರಿನಲ್ಲಿ ಗಲಬರಿಸಿ, ಹಬೆಯಲ್ಲಿ ಬೇಯಿಸಿ ಇಡುತ್ತಿದ್ದೆ. ನೋಡಲು ಫಳಫಳ ಹೊಳೆಯುತ್ತಿತ್ತು.

ಗಿಣ್ಣವನ್ನು ಭಾಗ ಮಾಡಿ ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿ ಇಟ್ಟುಕೊಂಡು ಸ್ವಲ್ಪಸ್ವಲ್ಪವೇ ಪೆಪ್ಟೈಡ್ ತೆಗೆದೆ. ತೆಗೆದದ್ದನ್ನು ಮೊದಲು ಅದೇ ಫ್ಲಾಸ್ಕಿನಲ್ಲಿ ಒಂದು ದಿನ ಇಟ್ಟು, ಆಮೇಲೆ ಸಣ್ಣ ಶೀಶೆಗಳಿಗೆ ಹಂಚುತ್ತಿದ್ದೆ. ಶ್ರಾವಣದ ಹೊತ್ತಿಗೆ ಬೇರೆ ಸಾಮಾನು ಸಾಲದೆ, ಫ್ಲಾಸ್ಕು ಖಾಲಿಯಾದಾಗ ಅದರಲ್ಲೇ ಬ್ಯಾಕ್ಟೀರಿಯಾ ಬೆಳೆಸತೊಡಗಿದೆ.

ಪ್ರಯೋಗ ಸರಳ. ಬೆಳೆದ ಬ್ಯಾಕ್ಟೀರಿಯಾಕ್ಕೆ ಒಂದು ತಾಸು ಪೆಪ್ಟೈಡ್ ಉಣ್ಣಿಸಿ ಪ್ಲೇಟಿನ ಮೇಲೆ ಹರಡುವುದು. ಮರುದಿನ ಎಷ್ಟು ಚುಕ್ಕೆ ಎದ್ದಿವೆ ಎಂದು ನೋಡುವುದು. ಅಲ್ಲಿಯವರೆಗೆ ಪ್ಲೇಟು ಬರಿದಾಗಿರುತ್ತಿತ್ತು. ಶ್ರಾವಣದ ಒಂದು ಬೆಳಿಗ್ಗೆ ನೋಡಿದರೆ ಪ್ಲೇಟಿನ ತುಂಬ ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆಗಳು. ಅವುಗಳಲ್ಲಿ ಒಂದನ್ನು ಎತ್ತಿ ಮತ್ತೆ ಬೆಳೆಸಿದೆ. ಮತ್ತೆ ಉಳಿದವು. ವಾರಗಟ್ಟಲೆ ಮಾಡಿದೆ. ಪ್ರತಿ ಸಲವೂ ಉಳಿದವು. ಹಳೆಯ ತಳಿಯನ್ನು ಪಕ್ಕದಲ್ಲಿ ಬೇರೆ ಫ್ಲಾಸ್ಕಿನಲ್ಲಿ ಬೆಳೆಸಿ ಹೋಲಿಸಿದರೆ ಅದು ಸಾಯುತ್ತಿತ್ತು. ನನ್ನ ತಳಿಯನ್ನು ಮಾತ್ರ ಯಾವಾಗಲೂ ಕೆಂಪು ಗೆರೆಯ ಫ್ಲಾಸ್ಕಿನಲ್ಲೇ ಬೆಳೆಸುತ್ತಿದ್ದೆ. ಅದು ನನಗೆ ಲಾಭದ ಫ್ಲಾಸ್ಕು ಎನ್ನಿಸಿಬಿಟ್ಟಿತ್ತು. ಮಾವಶಿಯ ನಂಬಿಕೆಗೆ ನಕ್ಕವಳು ನನ್ನದೇ ಒಂದು ಮೂಢನಂಬಿಕೆ ಹುಟ್ಟಿಸಿಕೊಂಡಿದ್ದೆ.

ಸರ್ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು. ಜೀನಿನಲ್ಲೇ ಶಾಶ್ವತ ಬದಲಾವಣೆಯಾದ ಹೊಸ ತಳಿ ಇದು, ಗಿಣ್ಣದ ಪೆಪ್ಟೈಡಿಗೆ ಬಗ್ಗದ ತಳಿ, ಎಂದು ತೀರ್ಮಾನಿಸಿದರು. ಅಂದು ಗುನುಗಿದ್ದು ಸಂಜೆಯವರೆಗೂ ನಿಲ್ಲಲಿಲ್ಲ. ಪುಣೆಯಲ್ಲಿ ನಡೆಯಲಿದ್ದ ಒಂದು ಸಮ್ಮೇಳನಕ್ಕೆ ಸಾರಾಂಶ ಬರೆದು ಕಳಿಸಿದರು. ಹಳೆಯ ಶಿಷ್ಯರಿಗೆಲ್ಲ ಪತ್ರ ಹೋಯಿತು. ಪ್ರಯೋಗಾಲಯಕ್ಕೆ ಯಾರೇ ಬಂದರೂ ನನ್ನನ್ನು ಕರೆದು, "ಏ, ತೋರಸವಾ ಅದನ್ನ" ಎನ್ನುತ್ತಿದ್ದರು. ನನಗೂ ಕೋಡು ಮೂಡಿತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ದಸರೆ ಬಂತು. ನಮ್ಮ ಕಡೆ ನವಮಿಯಂದು ಖಂಡೇ ಪೂಜೆ. ಬಡಿಗನ ಉಳಿ, ರೈತನ ಕುರಪಿ, ಬಸ್ಸಿನ ಸ್ಟೇರಿಂಗು ಎಲ್ಲಕ್ಕೂ ಅಂದು ಪೂಜೆಯಾಗುತ್ತದೆ. ಪ್ರಯೋಗಾಲಯದ ಸಾಮಾನಿಗೆ ಆಗದೆ ಇರುತ್ತದೆಯೇ? ಅಷ್ಟಮಿಯ ದಿನವೇ ಅಟೆಂಡರ್ ಕಾಕಾ ಮೈಕ್ರೋಸ್ಕೋಪು, ತಕ್ಕಡಿ, ನನ್ನ ಕೆಂಪು ಗೆರೆಯ ಫ್ಲಾಸ್ಕು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿಬಿಟ್ಟಿದ್ದ.

"ಕಾಕಾ, ನನ್ನ ಫ್ಲಾಸ್ಕು ಕೊಡ್ರಿ, ಕೆಲಸ ಐತಿ."

"ಪೂಜಾಕ್ಕ ಕುಂತದ್ದನ್ನ ಎಬ್ಬಸಬಾರದವಾ. ಬನ್ನಿ ಮುಡದ ಮ್ಯಾಲೆ ತಗೊಳ್ಳಿ. ಸರ್ ಹೇಳ್ಯಾರ, ಈ ವರ್ಷ ಅದಕ್ಕ ಮೊದಲ ಮಾನ ಅಂತ."

ರೇಗಿತು, ಆದರೆ ಸರ್ ಹೆಸರು ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಬೇರೆ ಫ್ಲಾಸ್ಕಿನಲ್ಲಿ ತಳಿಯನ್ನು ಬೆಳೆಯಲು ಬಿಟ್ಟೆ. ನವಮಿಯ ಬೆಳಿಗ್ಗೆ, ಪೂಜೆಗೆ ಮುಂಚೆ, ಪೆಪ್ಟೈಡ್ ಹಾಕಿ ಪ್ಲೇಟಿಗೆ ಹರಡಿದೆ. ದಶಮಿಗೆ ರಜೆ ಇದ್ದರೂ ಕೀಲಿ ತೆಗೆಸಿಕೊಂಡು ಒಳಗೆ ಹೋಗಿ ನೋಡಿದೆ. ಪ್ಲೇಟು ಬರಿದಾಗಿತ್ತು. ಒಂದೂ ಚುಕ್ಕೆ ಇರಲಿಲ್ಲ.

ಅಂದು ಸಂಜೆ ಬನ್ನಿ ಕೊಡಲು ಸರ್ ಮನೆಗೆ ಹೋಗಲೇಬೇಕಿತ್ತು. ಅವರು ಹೊಸ ಧೋತರ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ನಾನು ಬನ್ನಿ ಎಲೆ ಕೊಟ್ಟು ಕಾಲಿಗೆ ಎರಗಿದೆ. ಅವರೂ ನನ್ನ ಕೈಗೆ ಬನ್ನಿ ಇಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದರು. ಎಲ್ಲರೂ ಎಲ್ಲರಿಗೂ ಅನ್ನುವ ಮಾತೇ. ಆಮೇಲೆ ತಗ್ಗಿದ ದನಿಯಲ್ಲಿ, "ಈ ಸಲದ ಬಂಗಾರ ಮಾತ್ರ ಖರೇ ಬಂಗಾರ ನೋಡವಾ" ಎಂದು ಸೇರಿಸಿದರು. ಅವರ ಹೆಂಡತಿ ತಂದ ಕರ್ಚೀಕಾಯಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ರಜೆ ಮುಗಿದ ಮೇಲೆ ಕುಂಕುಮ ಹತ್ತಿದ್ದ ಫ್ಲಾಸ್ಕನ್ನೇ ತೆಗೆದುಕೊಂಡು ಮತ್ತೆ ಬೆಳೆಸಿದೆ. ಉಳಿದವು. ಬೇರೆಯದರಲ್ಲಿ ಬೆಳೆಸಿದೆ. ಸತ್ತವು. ಆಗ ಒಂದು ಸಂಶಯ ಬಂದು, ಎಂದಿಗೂ ಪೆಪ್ಟೈಡ್ ಕಾಣದ ಹಳೆಯ ತಳಿಯನ್ನು ನನ್ನ ಲಾಭದ ಫ್ಲಾಸ್ಕಿನಲ್ಲಿ ಬೆಳೆಸಿದೆ. ಅದೂ ಉಳಿಯಿತು. ಸ್ಟೂಲಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತೆ. ಹೊಸ ತಳಿ ಎನ್ನುವುದೇ ಇರಲಿಲ್ಲ. ಗಾಜಿನ ಮೈಯೂ ಬ್ಯಾಕ್ಟೀರಿಯಾದ ಮೈಯ ಹಾಗೆ ಋಣದ್ದೇ. ಪೆಪ್ಟೈಡ್ ಅದಕ್ಕೂ ಅಂಟಿಕೊಂಡಿತ್ತು. ನೀರಿಗೆ ಬಿಟ್ಟಿರಲಿಲ್ಲ, ಹಬೆಗೂ ಹಾಳಾಗಿರಲಿಲ್ಲ, ಆ್ಯಸಿಡ್ ಮಾತ್ರ ಕಿತ್ತುಹಾಕುತ್ತಿತ್ತು. ಅದನ್ನೇ ನಾನು ಮಾವಶಿಗೆ ಮಾತು ಕೊಟ್ಟು ಹಾಕದೆ ಬಿಟ್ಟಿದ್ದೆ. ಗೋಡೆಗೆ ಅಂಟಿದ ಆ ಚೂರು, ಕೊಲ್ಲಲು ಸಾಲದಷ್ಟು, ಒಳಗೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ತಾಕುತ್ತಿತ್ತು. ಅವು ಎಚ್ಚರಾಗಿ ಏನೋ ತಯಾರಿ ಮಾಡಿಕೊಂಡು, ಮುಂದೆ ದೊಡ್ಡ ಪ್ರಮಾಣದ ಪೆಪ್ಟೈಡ್ ಬಿದ್ದಾಗ ಬದುಕುತ್ತಿದ್ದವು.

ಇದೆಲ್ಲ ಗೊತ್ತಾದ ಮೇಲೂ ಹತ್ತು ದಿನ ನಾನು ಬಾಯಿ ಬಿಡಲಿಲ್ಲ. ಇದ್ದದ್ದು ಇದ್ದಂಗ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರಲ್ಲ. ಸರ್ ಒದೆಯುವವರಲ್ಲ, ಅದೇ ನನ್ನ ಕಷ್ಟವಾಗಿತ್ತು. ಬೈಯುವವರಾಗಿದ್ದರೆ ಅಂದೇ ಹೇಳಿ ಬೈಸಿಕೊಂಡು ಹಗುರಾಗುತ್ತಿದ್ದೆ. ದಿನಾ ಬಸ್ಸಿನಲ್ಲಿ ಉಣಕಲ್ ಬರುವಷ್ಟರಲ್ಲಿ ಇವತ್ತು ಹೇಳಿಯೇ ಬಿಡುವುದು ಎಂದುಕೊಳ್ಳುತ್ತಿದ್ದೆ. ಪ್ರಯೋಗಾಲಯದ ಬಾಗಿಲಲ್ಲಿ ಅವರ ಗುನುಗು ಕೇಳಿದರೆ ಧೈರ್ಯ ಉಡುಗಿಹೋಗುತ್ತಿತ್ತು. ನಾನು ಅಷ್ಟು ಪುಕ್ಕಲಿ ಎಂದು ನನಗೇ ಅದಕ್ಕೆ ಮುಂಚೆ ಗೊತ್ತಿರಲಿಲ್ಲ.

ಹನ್ನೊಂದನೆಯ ದಿನ ಅವರು ಪುಣೆಯ ರೈಲಿನ ಟಿಕೆಟ್ಟು ತಂದು ನನ್ನ ಮುಂದೆ ಹಿಡಿದರು. ಮುಂದೆ ನುಂಗಿಕೊಂಡಿರಲು ಆಗಲಿಲ್ಲ. ಎರಡು ಪ್ಲೇಟು ತಂದು ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಫ್ಲಾಸ್ಕು ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಯಾಕ ತೊಳೀಲಿಲ್ಲ?"

ಮಾವಶಿ, ಎಮ್ಮೆ, ಕೆಚ್ಚಲು, ಕರು ಹಾಲು ಬಿಡುವವರೆಗಿನ ಮಾತು ಎಲ್ಲ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. "ಇವತ್ತ ಆ್ಯಸಿಡ್ ಹಾಕಿ ತೊಳೀತೇನ್ರಿ ಸರ್, ತೊಳದು ನೋಡಿದ್ರ ಪಕ್ಕಾ ಆಗ್ತೈತ್ರಿ," ಎಂದೆ. ಅವರು ಫ್ಲಾಸ್ಕನ್ನು ಮೇಜಿನ ಮೇಲಿಟ್ಟರು. ಟಿಕೆಟ್ಟನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ತಮ್ಮ ಕೋಣೆಗೆ ಹೋದರು.

ಮರುದಿನ ಸಮ್ಮೇಳನದವರಿಗೆ ಬರೆದ ಪತ್ರವನ್ನು ಅಂಚೆಗೆ ಹಾಕಲು ನನ್ನ ಕೈಗೇ ಕೊಟ್ಟರು. ಲಕೋಟೆ ಅಂಟಿಸಿರಲಿಲ್ಲ, ಓದಿದೆ. ಸಾರಾಂಶವನ್ನು ಹಿಂದಕ್ಕೆ ಪಡೆಯುತ್ತೇನೆ, ಪ್ರಯೋಗದಲ್ಲಿ ಆದ ತಪ್ಪು ನನ್ನದು ಎಂದು ಬರೆದಿದ್ದರು. ನನ್ನ ಸುದ್ದಿಯೇ ಇರಲಿಲ್ಲ. ಅಂದಿನಿಂದ ಆ ಕೋಣೆಯಲ್ಲಿ ಗುನುಗು ಕೇಳಿಸಲಿಲ್ಲ. ಕೆಂಪು ಗೆರೆಯ ಫ್ಲಾಸ್ಕೂ ಕಾಣೆಯಾಯಿತು. ಅಟೆಂಡರ್ ಕಾಕಾನನ್ನು ಕೇಳಿದರೆ, "ಸರ್ ಒಯ್ದ್ರಲ್ಲವಾ" ಎಂದ. ಸಿಟ್ಟಿನಲ್ಲಿ ಒಡೆದುಹಾಕಿದ್ದಾರೆ ಎಂದುಕೊಂಡೆ. ನಾನಾಗಿದ್ದರೆ ಒಡೆದೇ ಹಾಕುತ್ತಿದ್ದೆ.

ಆದರೆ ಕೆಲಸ ಬಿಡಲಿಲ್ಲ ಅವರು. ಹೊಸ ಪ್ಲಾಸ್ಟಿಕ್ ಕೊಳವೆ ತರಿಸಿ, ಅಳತೆ ಮಾಡಿದ ಚೂರು ಪೆಪ್ಟೈಡನ್ನು ನಾವೇ ಬೇಕೆಂದು ಹಾಕಿ ನೋಡಿದೆವು. ಚೂರು ತಾಕಿಸಿದರೆ ಬ್ಯಾಕ್ಟೀರಿಯಾ ಗಟ್ಟಿಯಾಗುತ್ತಿದ್ದವು. ತಾಕಿಸುವುದನ್ನು ನಿಲ್ಲಿಸಿದರೆ ಕೆಲವು ತಲೆಮಾರುಗಳಲ್ಲಿ ಮತ್ತೆ ಮೊದಲಿನಷ್ಟೇ ಮೆತ್ತಗೆ. ಮಳೆ ಬಂದಾಗ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಮಳೆ ನಿಂತಾಗ ತೆಗೆದಿಡುವ ಹಾಗೆ. ಜೀನಿನಲ್ಲಿ ಬರೆದದ್ದು ಬದಲಾಗುತ್ತಿರಲಿಲ್ಲ. ಮೊದಲೇ ಬರೆದಿಟ್ಟ ಯಾವುದೋ ಜೀನು ಬೇಕಾದಾಗ ಎಚ್ಚರಾಗಿ, ಬೇಡವಾದಾಗ ಮಲಗುತ್ತಿತ್ತು.

"ಇವು ಬದಲಾಗಿಲ್ಲವಾ," ಎಂದು ಸರ್ ಒಂದು ದಿನ ತಮಗೇ ಹೇಳಿಕೊಳ್ಳುವಂತೆ ಅಂದರು. "ಇವಕ್ಕ ಗೊತ್ತಾಗೇದ. ಹೆಂಗ ಗೊತ್ತಾತು ಅನ್ನೂದ ಪ್ರಶ್ನೆ."

ಆ ಪ್ರಶ್ನೆಗೆ ಉತ್ತರ ಹುಡುಕುವ ಸಾಮಾನು ನಮ್ಮಲ್ಲಿ ಇರಲಿಲ್ಲ. ಇಂಥ ಪೆಪ್ಟೈಡುಗಳಿಂದ ಪಾರಾಗಲು ನೆರವಾಗುವ ಒಂದು ಜೋಡಿ ಜೀನುಗಳನ್ನು ಹೊರದೇಶದವರು ಆಗಲೇ ಗುರುತಿಸಿದ್ದರು. ನನ್ನ ಪ್ರಬಂಧ ಅವರ ಮಾತಿಗೆ ಒಂದು ಹೂಂ ಸೇರಿಸಿದಂತೆ ಆಯಿತು, ಅಷ್ಟೇ. ನನಗೆ ಡಿಗ್ರಿ ಸಿಕ್ಕಿತು. ಸರ್ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಭಾಷಣ ಮಾಡಿದವರೆಲ್ಲ ಅವರ ಶಿಷ್ಯರ ಪಟ್ಟಿಯನ್ನೇ ಓದಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ನೆಲ ನೋಡುತ್ತಿದ್ದೆ. ಆಮೇಲೆ ಅವರ ಮನೆಗೆ ಹೋಗುವುದನ್ನೇ ಬಿಟ್ಟೆ. ಬನ್ನಿ ಕೊಡಲಿಕ್ಕೂ ಹೋಗಲಿಲ್ಲ. ಮಾವಶಿಯ ಎಮ್ಮೆ ಮಾತ್ರ ಆ ವರ್ಷವೆಲ್ಲ ತಂಬಿಗೆ ತುಂಬ ಹಾಲು ಕೊಟ್ಟಿತಂತೆ.

ವರ್ಷಗಳು ಕಳೆದವು. ಎರಡು ಸಾವಿರದ ದಶಕದ ನಡುವೆ, ಹುಬ್ಬಳ್ಳಿಯ ಕಾಲೇಜಿನಲ್ಲಿದ್ದಾಗ, ಗೆಳತಿಯೊಬ್ಬಳು ಕಳಿಸಿದ ಒಂದು ಲೇಖನ ಓದಿದೆ. ಬ್ಯಾಕ್ಟೀರಿಯಾಕ್ಕೆ ಹೇಗೆ ಗೊತ್ತಾಗುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿತ್ತು. ಅದರ ಪೊರೆಯಲ್ಲಿ ಕೂತ ಒಂದು ಪ್ರೋಟೀನು ಪೆಪ್ಟೈಡನ್ನೇ ನೇರವಾಗಿ ಮುಟ್ಟಿ ತಿಳಿಯುತ್ತದೆ. ತಿಳಿದ ಕೂಡಲೆ ಒಳಗಿನ ಜೊತೆಗಾರ ಪ್ರೋಟೀನಿಗೆ ಹೇಳುತ್ತದೆ. ಅದು ಜೀನುಗಳನ್ನು ಎಬ್ಬಿಸುತ್ತದೆ. ಆ ಜೀನುಗಳು ಹೊರಮೈಯ ಋಣವನ್ನು ಮುಚ್ಚುವಂಥ ಹೊದಿಕೆ ತಯಾರಿಸುತ್ತವೆ. ಪೆಪ್ಟೈಡಿಗೆ ಆಮೇಲೆ ಅಂಟಿಕೊಳ್ಳಲು ಜಾಗವೇ ಸಿಗುವುದಿಲ್ಲ. ಓದಿ ಮುಗಿಸಿದಾಗ ನನಗೆ ಮೊದಲು ನೆನಪಾದದ್ದು ಸರ್. ಹೋಗದಿರಲು ಏನಾದರೂ ನೆಪ ಸಿಕ್ಕೀತೇ ಎಂದು ಎರಡು ದಿನ ಹುಡುಕಿದೆ. ಸಿಗಲಿಲ್ಲ. ಮೂರನೆಯ ದಿನ ಝೆರಾಕ್ಸ್ ಮಾಡಿಸಿಕೊಂಡು ಧಾರವಾಡದ ಬಸ್ಸು ಹತ್ತಿದೆ.

ಸರ್ ಬಹಳ ಇಳಿದುಹೋಗಿದ್ದರು. ಕನ್ನಡಕವನ್ನು ಹಣೆಗೆ ಏರಿಸಿ, ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಕೊನೆಯವರೆಗೂ ಓದಿದರು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಕಾದೆ.

"ನಾವು ಹೊಸ್ತಿಲತನಾ ಹೋಗಿದ್ವಿ ನೋಡು," ಎಂದರು.

"ನನ್ನಿಂದ ನಿಮ್ಮ ಹೆಸರು ಕೆಟ್ಟಿತ್ರಿ ಸರ್." ಏಳು ವರ್ಷ ಎದೆಯಲ್ಲಿ ಕೂತಿದ್ದ ಮಾತು ಹೀಗೆ ಹೊರಬಿತ್ತು.

ಅವರು ಎದ್ದು ಒಳಗೆ ಹೋದರು. ನನಗೆ ಇನ್ನೇನು ಹೊರಡಬೇಕು ಎನ್ನಿಸಿತು. ತಿರುಗಿ ಬಂದಾಗ ಕೈಯಲ್ಲಿ ಫ್ಲಾಸ್ಕು ಇತ್ತು. ಕುತ್ತಿಗೆಯಲ್ಲಿ ನನ್ನ ಕೆಂಪು ಗೆರೆ, ಹೊಟ್ಟೆಯ ಮೇಲೆ ಕುಂಕುಮ. ಹಿಂದೆಯೇ ಬಂದ ಅವರ ಹೆಂಡತಿ, "ವರ್ಷಾ ಖಂಡೇ ಪೂಜಾಕ್ಕ ಇದನ್ನ ಇಡತಾರವಾ. ಹಳೇ ಕುಂಕುಮಾನೂ ಒರಸಗೊಡೂದಿಲ್ಲ, ತೊಳ್ಯಾಕಂತೂ ಕೊಡೂದ ಇಲ್ಲ," ಎಂದು ದೂರಿದರು.

"ನಿನ್ನ ಸಿಟ್ಟು ನನಗ ಗೊತ್ತಿತ್ತಲ್ಲ," ಎಂದರು ಸರ್. "ಅಲ್ಲೇ ಬಿಟ್ಟಿದ್ರ ಅವತ್ತ ಆ್ಯಸಿಡ್ ಸುರುವಿ ತೊಳದ ಬಿಡತಿದ್ದಿ. ಆ ಗೌಳಿ ಹೆಣ್ಮಗಳಿಗೆ ಮಾತು ಕೊಟ್ಟಿದ್ದಿ ಬ್ಯಾರೆ. ಅದಕ್ಕ ನಾನ ತಂದಿಟ್ಟೆ." ಫ್ಲಾಸ್ಕಿನ ಕೆಂಪು ಗೆರೆಯ ಮೇಲೆ ಬೆರಳಾಡಿಸುತ್ತ, "ಒಂದರ ಖರೇ ಇರಬೇಕು ಅಂತಿದ್ದೆ ಹೌದಿಲ್ಲೋ? ನೀ ಹೇಳಿದ್ದು ಖರೇ ಇತ್ತು. ಸಿಟ್ಟು ಬಂದಿತ್ತು, ಇಲ್ಲ ಅನ್ನೂದಿಲ್ಲ. ಸಿಟ್ಟು ಇಳದ ಮ್ಯಾಲೆ ಇದನ್ನ ನೋಡಿ ನೋಡಿ ಸಮಾಧಾನ ಆತು," ಎಂದರು.

ಹೊರಡುವಾಗ ಫ್ಲಾಸ್ಕನ್ನು ನನ್ನ ಕೈಗೆ ಕೊಡಲು ಬಂದವರು ಅರ್ಧದಲ್ಲೇ ನಿಂತು, "ಏ, ತಡಿ ತಡಿ" ಎಂದು ಮತ್ತೆ ಅಡುಗೆಮನೆಗೆ ಹೋದರು. ಡಬ್ಬಿ ತೆಗೆದ ಸದ್ದು ಕೇಳಿಸಿತು. ಅದರ ಹಿಂದೆ ಸಣ್ಣಗೆ ಆ ಗುನುಗು. ಬಂದಾಗ ಫ್ಲಾಸ್ಕಿನ ತಳದಲ್ಲಿ ಒಂದು ಹಿಡಿ ಸಕ್ಕರೆ ಇತ್ತು.

"ಬರಿದ ಕೊಡಬಾರದಂತಲ್ಲ," ಎಂದರು.

ಬಸ್ಸಿನಲ್ಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದು ಕೂತೆ. ಉಣಕಲ್ ದಾಟುವವರೆಗೂ ಅಳು ನಿಲ್ಲಲಿಲ್ಲ. ಸಕ್ಕರೆಯನ್ನು ಮಾತ್ರ ಒಂದು ಹರಳೂ ಚೆಲ್ಲದ ಹಾಗೆ ಮನೆಗೆ ತಂದೆ.